ಕುರಿಗಾಹಿಯನ್ನು ನೇಮಿಸುವವರು ಯಾರು?



ಪಾಸ್ಖ ಕಾಲದ ನಾಲ್ಕನೆಯ ಭಾನುವಾರವನ್ನು ಧರ್ಮಸಭೆ ಒಳ್ಳೆಯ ಕುರಿಗಾಹಿಯ ಭಾನುವಾರವೆಂದು ಆಚರಿಸುತ್ತದೆ. ಅಂದಿನ ಬಲಿಪೂಜೆಯಲ್ಲಿ ಗುರುಗಳು ಎಂದಿನಂತೆ ಜಗದ್ಗುರು ಪೋಪರ ಹೆಸರನ್ನೂ ನಮ್ಮ ಧರ್ಮಾಧ್ಯಕ್ಷರ ಹೆಸರನ್ನೂ ಹೇಳಿ ಪ್ರಾರ್ಥಿಸುತ್ತಾರೆ. ನಮಗೆ ಅದು ಕೇಳಿ ಕೇಳಿ ಅಭ್ಯಾಸವಾದ ಮಾತು. ಆದರೆ ಒಂದು ಕಾಲದಲ್ಲಿ, ಒಂದೇ ಪಟ್ಟಣದಲ್ಲಿ, ಹತ್ತಿರ ಹತ್ತಿರವಿದ್ದ ಎರಡು ದೇವಾಲಯಗಳಲ್ಲಿ ಬೇರೆ ಬೇರೆ ಧರ್ಮಾಧ್ಯಕ್ಷರ ಹೆಸರು ಹೇಳಲಾಗುತ್ತಿತ್ತು. ಜನರೆಲ್ಲ ಕಥೋಲಿಕರೇ, ಪೂಜೆ ಒಂದೇ, ವಿಶ್ವಾಸವೂ ಒಂದೇ. ಆದರೂ ಒಬ್ಬರ ಗುರುಗಳನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಇದು ನಡೆದದ್ದು ಎಲ್ಲೋ ದೂರದ ದೇಶದಲ್ಲಲ್ಲ, ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ದುಡಿಯುತ್ತಿರುವ ಮುಂಬಯಿಯಲ್ಲಿ. ಅಲ್ಲಿ ಈ ಜಗಳಕ್ಕೆ ತೀರ್ಪು ಕೊಡುತ್ತಿದ್ದವರು ಕಥೋಲಿಕರೂ ಅಲ್ಲದ ಬ್ರಿಟಿಷ್ ಕಂಪನಿಯ ಅಧಿಕಾರಿಗಳು!

ಹೀಗೇಕಾಯಿತು? ಅದರಿಂದ ನಾವು ಕಲಿಯಬೇಕಾದದ್ದು ಏನು? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ರಾಜನ ಕೈಗೆ ಬಂದ ಹಕ್ಕು

ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಪೋರ್ಚುಗೀಸರ ಹಡಗುಗಳು ಆಫ್ರಿಕಾ, ಭಾರತಗಳ ಕಡೆಗೆ ಹೊರಟಾಗ, ಅವುಗಳ ಜೊತೆಯಲ್ಲಿ ಧರ್ಮಪ್ರಚಾರಕರೂ ಹೊರಟರು. ಅಷ್ಟು ದೂರದ ನಾಡುಗಳಿಗೆ ಗುರುಗಳನ್ನು ಕಳುಹಿಸುವ, ದೇವಾಲಯ ಕಟ್ಟಿಸುವ, ಅವರ ಜೀವನಕ್ಕೆ ವ್ಯವಸ್ಥೆ ಮಾಡುವ ಶಕ್ತಿ ಆಗ ರೋಮ್‌ಗೆ ಇರಲಿಲ್ಲ. ಆ ಖರ್ಚನ್ನು ಪೋರ್ಚುಗಲ್ಲಿನ ರಾಜರು ವಹಿಸಿಕೊಂಡರು. ಅದಕ್ಕೆ ಪ್ರತಿಯಾಗಿ ಆ ನಾಡುಗಳ ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವ ಹಕ್ಕನ್ನು ಪೋಪರು ರಾಜರಿಗೆ ಕೊಟ್ಟರು. ಈ ಏರ್ಪಾಡಿಗೆ ‘ಪದ್ರೊಆದೊ’ ಎಂದು ಹೆಸರು. ಪೋಷಕತ್ವ ಎಂದು ಇದರ ಅರ್ಥ. 1534ರಲ್ಲಿ ಗೋವಾ ಧರ್ಮಪ್ರಾಂತ್ಯವಾದಾಗ ಈ ಹಕ್ಕು ನಮ್ಮ ಕರಾವಳಿಗೂ ಬಂತು.

ಆರಂಭದಲ್ಲಿ ಇದರಿಂದ ಒಳ್ಳೆಯದೇ ಆಯಿತು. ಆದರೆ ಕಾಲ ಸರಿದಂತೆ ಪೋರ್ಚುಗಲ್ಲಿನ ಬಲ ಕುಗ್ಗಿತು. ಖರ್ಚು ನೋಡಿಕೊಳ್ಳುವ ಸಾಮರ್ಥ್ಯ ಕಡಿಮೆಯಾದರೂ ಹಕ್ಕನ್ನು ಮಾತ್ರ ರಾಜರು ಬಿಡಲಿಲ್ಲ. ತಮ್ಮ ಆಡಳಿತವೇ ಇಲ್ಲದ ಊರುಗಳಲ್ಲೂ ತಾವು ಹೇಳಿದವರೇ ಧರ್ಮಾಧ್ಯಕ್ಷರಾಗಬೇಕೆಂದರು. ಇದನ್ನು ಕಂಡ ರೋಮ್, 1622ರಲ್ಲಿ ಧರ್ಮಪ್ರಚಾರಕ್ಕಾಗಿಯೇ ‘ಪ್ರೊಪಗಾಂಡಾ ಫೀದೆ’ ಎಂಬ ಇಲಾಖೆಯನ್ನು ಸ್ಥಾಪಿಸಿತು. ಇದರ ಮೂಲಕ ಪೋಪರ ನೇರ ಪ್ರತಿನಿಧಿಗಳಾಗಿ ಬರುವ ಧರ್ಮಾಧ್ಯಕ್ಷರನ್ನು ‘ವಿಕಾರ್ ಅಪೊಸ್ತಲಿಕ್’ ಎಂದು ಕರೆಯುತ್ತಿದ್ದರು. ಅವರನ್ನು ರಾಜನು ಹೆಸರಿಸಬೇಕಾಗಿರಲಿಲ್ಲ.

ಭಾರತಕ್ಕೆ ಹಾಗೆ ನೇಮಕವಾದ ಮೊದಲಿಗರು ಗೋವಾದ ದಿವಾರ್ ದ್ವೀಪದ ಮಥೇಯುಸ್ ದೆ ಕ್ಯಾಸ್ತ್ರೊ. 1637ರಲ್ಲಿ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಿ, ನಮ್ಮ ಬಿಜಾಪುರದ ಆದಿಲ್‌ಶಾಹಿ ರಾಜ್ಯದ ಕ್ರೈಸ್ತರ ಹೊಣೆಯನ್ನು ಒಪ್ಪಿಸಲಾಯಿತು. ಭಾರತೀಯರೊಬ್ಬರು ಪೋಪರ ಪತ್ರ ಹಿಡಿದು ಧರ್ಮಾಧ್ಯಕ್ಷರಾಗಿ ಬಂದರೆ ಗೋವಾದ ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಒಪ್ಪಿಕೊಂಡರೇ? ಇಲ್ಲ. ರಾಜನ ಒಪ್ಪಿಗೆಯಿಲ್ಲದ ನೇಮಕ ತಮಗೆ ಮಾನ್ಯವಲ್ಲ ಎಂದರು.

ಕೆನರಾದಲ್ಲೂ ಅದೇ ಕಥೆ

ಮಥೇಯುಸರ ಸಂಬಂಧಿ ತೋಮಸ್ ದೆ ಕ್ಯಾಸ್ತ್ರೊ ಅವರು ರೋಮಿನಿಂದ ನೇಮಕಗೊಂಡು ಕೆನರಾಕ್ಕೆ ಬಂದರು. ಗೋವಾದ ಮಹಾಧರ್ಮಾಧ್ಯಕ್ಷರ ಕಡೆಯವರು ಅವರ ಅಧಿಕಾರವನ್ನು ಒಪ್ಪಲಿಲ್ಲ. ಜನ ಎರಡು ಪಾಲಾದರು.

ಇಲ್ಲಿ ಒಂದು ಮಾತನ್ನು ನಾವು ಅರ್ಥಮಾಡಿಕೊಳ್ಳಬೇಕು. ಈ ಜಗಳ ದೊಡ್ಡವರ ಕುರ್ಚಿಗಾಗಿ ಮಾತ್ರ ನಡೆದ ಜಗಳವಲ್ಲ. ಪಾಪನಿವೇದನೆ ಕೇಳಲು, ಮದುವೆ ನಡೆಸಿಕೊಡಲು ಗುರುವಿಗೆ ಅಧಿಕೃತ ಧರ್ಮಾಧ್ಯಕ್ಷರ ಅನುಮತಿ ಬೇಕು. ಅಧಿಕೃತ ಧರ್ಮಾಧ್ಯಕ್ಷರು ಯಾರೆಂಬುದೇ ಗೊತ್ತಿಲ್ಲದಿದ್ದರೆ? ‘ನನ್ನ ಪಾಪನಿವೇದನೆ ಸರಿಯಾಯಿತೇ? ನನ್ನ ಮಗಳ ಮದುವೆ ದೇವರ ಮುಂದೆ ಮದುವೆಯೇ?’ ಎಂಬ ಅಂಜಿಕೆ ಬಡ ರೈತನ ಮನೆಯೊಳಗೂ ಬರುತ್ತದೆ. ಸಾಯುವ ಹೊತ್ತಿನಲ್ಲಿ ಯಾವ ಗುರುವನ್ನು ಕರೆಯುವುದು ಎಂಬ ಪ್ರಶ್ನೆ ಏಳುತ್ತದೆ. ರಾಜರು ಪತ್ರ ಬರೆದುಕೊಳ್ಳುತ್ತಿದ್ದರು, ನೋವು ಉಣ್ಣುತ್ತಿದ್ದವರು ಜನ.

ಇಂಥ ಗೊಂದಲದ ನಡುವೆಯೇ 1681ರಲ್ಲಿ ಗೋವಾದಿಂದ ಯುವ ಗುರುವೊಬ್ಬರು ಕೆನರಾಕ್ಕೆ ಬಂದರು. ಅವರೇ ನಮ್ಮ ಪ್ರೀತಿಯ ಸಂತ ಜೋಸೆಫ್ ವಾಜ್. ಅವರನ್ನು ಕಳುಹಿಸಿದ್ದು ಗೋವಾದ ಕಡೆಯವರು. ಆದರೆ ಪಕ್ಷ ಕಟ್ಟುವುದು ಅವರಿಗೆ ಬೇಕಿರಲಿಲ್ಲ. ತೋಮಸ್ ದೆ ಕ್ಯಾಸ್ತ್ರೊ ಅವರ ಬಳಿ ನಮ್ರತೆಯಿಂದ ನಡೆದುಕೊಂಡು, ಎರಡು ಕಡೆಯವರ ನಡುವೆ ಸಮಾಧಾನ ತರಲು, ಜನರ ಆತ್ಮಸಾಕ್ಷಿಯ ಭಾರ ಇಳಿಸಲು ಶ್ರಮಿಸಿದರು. ಬರಿಗಾಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಸಂಸ್ಕಾರಗಳನ್ನು ನೀಡಿದರು. 1684ರಲ್ಲಿ ತೋಮಸ್ ದೆ ಕ್ಯಾಸ್ತ್ರೊ ನಿಧನರಾದರು. ಅದೇ ವರ್ಷ ವಾಜರು ಗೋವಾಕ್ಕೆ ಮರಳಿದರು. ಮುಂದೆ ಶ್ರೀಲಂಕಾಕ್ಕೆ ಹೋಗಿ ಅಲ್ಲಿಯ ಕ್ರೈಸ್ತರಿಗಾಗಿ ಜೀವ ಸವೆಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅಂದಿನ ಹಕ್ಕುಪತ್ರಗಳನ್ನು ಇಂದು ಯಾರೂ ಓದುವುದಿಲ್ಲ. ಸಮಾಧಾನ ಹುಡುಕಿದ ಗುರುವನ್ನು ಮಾತ್ರ ಮುಡಿಪುವಿನಲ್ಲಿ ಇಂದಿಗೂ ನೆನೆಯುತ್ತೇವೆ.

ಬೊಂಬಾಯಿಯ ಗವರ್ನರ್ ಮತ್ತು ಗೋವಾದ ಗುರುಗಳು

ಈಗ ಬೊಂಬಾಯಿಗೆ ಬರೋಣ. 1661ರ ಒಪ್ಪಂದದಂತೆ, ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸನು ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾಗುವಾಗ ಬೊಂಬಾಯಿ ದ್ವೀಪ ವರದಕ್ಷಿಣೆಯಾಗಿ ಅವನ ಪಾಲಿಗೆ ಬಂತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟನು. ದ್ವೀಪದ ಕಥೋಲಿಕರು ತಮ್ಮ ಧರ್ಮವನ್ನು ನಿರಾತಂಕವಾಗಿ ಆಚರಿಸಬಹುದು ಎಂಬ ಭರವಸೆ ಆ ಒಪ್ಪಂದದಲ್ಲಿತ್ತು.

ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ನೆಲ ಬ್ರಿಟಿಷರದು. ಆದರೆ ಅಲ್ಲಿಯ ಗುರುಗಳು ಪೋರ್ಚುಗೀಸ್ ಫ್ರಾನ್ಸಿಸ್ಕನ್ ಸಭೆಯವರು. ಅವರ ಮೇಲಿನವರು ಗೋವಾದ ಮಹಾಧರ್ಮಾಧ್ಯಕ್ಷರು, ಆ ಮಹಾಧರ್ಮಾಧ್ಯಕ್ಷರನ್ನು ಹೆಸರಿಸುವವನು ಲಿಸ್ಬನ್ನಿನ ರಾಜ. ದ್ವೀಪದ ಸುತ್ತಲೂ, ಸಾಲ್ಸೆಟ್ಟಿನಲ್ಲಿ, ವಸಾಯಿಯಲ್ಲಿ ಇನ್ನೂ ಪೋರ್ಚುಗೀಸರೇ ಇದ್ದರು. ‘ಈ ಗುರುಗಳ ನಿಷ್ಠೆ ಯಾರ ಕಡೆಗೆ? ನಾಳೆ ಜಗಳವಾದರೆ ಇವರು ನಮ್ಮ ಪ್ರಜೆಗಳಿಗೆ ಏನು ಬೋಧಿಸುತ್ತಾರೆ?’ ಎಂಬ ಸಂಶಯ ಕಂಪನಿಯವರನ್ನು ಕಾಡತೊಡಗಿತು.

ಕೊನೆಗೆ 1720ರಲ್ಲಿ ಗವರ್ನರ್ ಚಾರ್ಲ್ಸ್ ಬೂನ್ ಪೋರ್ಚುಗೀಸ್ ಗುರುಗಳನ್ನು ದ್ವೀಪದಿಂದ ಹೊರಗೆ ಕಳುಹಿಸಿದನು. ಗೋವಾದ ಮಹಾಧರ್ಮಾಧ್ಯಕ್ಷರ ಅಧಿಕಾರ ಇಲ್ಲಿ ನಡೆಯದೆಂದನು. ಅವರ ಜಾಗಕ್ಕೆ ಕಾರ್ಮೆಲ್ ಸಭೆಯ ಧರ್ಮಾಧ್ಯಕ್ಷ ಸಂತ ತೆರೇಸಾರ ಮೌರೀಸರನ್ನು ಕರೆಸಿಕೊಂಡನು. ಇವರು ಮೊಗಲರ ರಾಜ್ಯಕ್ಕೆ ರೋಮ್ ನೇಮಿಸಿದ್ದ ವಿಕಾರ್ ಅಪೊಸ್ತಲಿಕ್. ಆದರೆ ಗವರ್ನರನು ಇವರನ್ನೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಬ್ರಿಟಿಷ್ ರಾಜನ ಗೌರವಕ್ಕೂ ಕಂಪನಿಯ ಹಿತಕ್ಕೂ ವಿರುದ್ಧವಾದದ್ದನ್ನು ಬೋಧಿಸುವುದಿಲ್ಲ, ಬೋಧಿಸಲು ಬಿಡುವುದಿಲ್ಲ ಎಂದು ಶುಭಸಂದೇಶದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸಿಕೊಂಡನು.

ಗಮನಿಸಿ: ಇದಕ್ಕೆ ಹನ್ನೊಂದು ವರ್ಷ ಹಿಂದೆ, 1709ರಲ್ಲಿ, ಇದೇ ಕಾರ್ಮೆಲ್ ಗುರುಗಳನ್ನು ಪೋರ್ಚುಗೀಸರು ಗೋವಾದಿಂದ ಹೊರಹಾಕಿದ್ದರು. ಪೋರ್ಚುಗಲ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲು ಅವರು ಒಪ್ಪದಿದ್ದುದೇ ಅದಕ್ಕೆ ಕಾರಣ. ಗೋವಾದಲ್ಲಿ ಒಬ್ಬ ರಾಜ, ಬೊಂಬಾಯಿಯಲ್ಲಿ ಇನ್ನೊಬ್ಬ ರಾಜ. ಇಬ್ಬರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ನೀನು ನನ್ನವನೋ ಅಲ್ಲವೋ?’ ಜನರಿಗೆ ಒಳ್ಳೆಯ ಗುರು ಬೇಕೆಂಬುದು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ.

ನಾಲ್ಕು ದೇವಾಲಯ, ಎರಡು ಪಾಲು

ಸುಮಾರು ಎಪ್ಪತ್ತು ವರ್ಷ ಹೀಗೆಯೇ ನಡೆಯಿತು. ಗೋವಾ ತನ್ನ ಹಕ್ಕನ್ನು ಮರೆಯಲಿಲ್ಲ. 1789ರಲ್ಲಿ ಕಂಪನಿಯು ಮನಸ್ಸು ಬದಲಿಸಿ ಬೊಂಬಾಯಿಯ ದೇವಾಲಯಗಳನ್ನು ಗೋವಾದ ಮಹಾಧರ್ಮಾಧ್ಯಕ್ಷರಿಗೆ ಒಪ್ಪಿಸಿತು. ಕಾರ್ಮೆಲ್ ಗುರುಗಳಿಗೆ ಒಗ್ಗಿಹೋಗಿದ್ದ ಅನೇಕರು ಇದನ್ನು ಒಪ್ಪಲಿಲ್ಲ. 1791ರಲ್ಲಿ ಅಧಿಕಾರ ಮತ್ತೆ ಕಾರ್ಮೆಲ್ ಗುರುಗಳ ಕೈಗೆ ಬಂತು. ಆಗ ಗೋವಾದ ಕಡೆಯವರು ಸುಮ್ಮನಿರಲಿಲ್ಲ. ಅರ್ಜಿ, ಮರು ಅರ್ಜಿ ಸರ್ಕಾರದ ಮುಂದೆ ಬಿದ್ದವು. ಬೇಸತ್ತ ಸರ್ಕಾರ 1794ರಲ್ಲಿ, ಅಣ್ಣತಮ್ಮಂದಿರಿಗೆ ಗದ್ದೆ ಹಂಚುವಂತೆ, ನಾಲ್ಕು ಧರ್ಮಕೇಂದ್ರಗಳನ್ನು ಎರಡು ಪಾಲು ಮಾಡಿತು. ಭುಲೇಶ್ವರದ ಎಸ್ಪೆರಾನ್ಸಾ ಮತ್ತು ಮಾಹಿಮ್‌ನ ಸಂತ ಮೈಕಲರ ದೇವಾಲಯ ರೋಮಿನ ಪ್ರತಿನಿಧಿಗೆ. ಮಝಗಾಂವ್‌ನ ಗ್ಲೋರಿಯಾ ಮತ್ತು ದಾದರಿನ ಸಾಲ್ವಸಾಂವ್ ದೇವಾಲಯ ಗೋವಾಕ್ಕೆ. ದಾದರಿನ ಆ ದೇವಾಲಯವನ್ನು ಜನ ಇಂದಿಗೂ ‘ಪೋರ್ಚುಗೀಸ್ ಚರ್ಚ್’ ಎಂದೇ ಕರೆಯುತ್ತಾರೆ.

ಮುಂದೆ ಸರ್ಕಾರ ಇನ್ನೊಂದು ರೂಢಿ ಹಾಕಿಕೊಂಡಿತು. ಯಾವ ಧರ್ಮಕೇಂದ್ರದಲ್ಲಿ ಹೆಚ್ಚು ಜನ ಯಾವ ಕಡೆಗೆ ಸೇರುತ್ತಾರೋ ಆ ದೇವಾಲಯ ಆ ಕಡೆಗೆ. ಕೇಳಲು ನ್ಯಾಯವೇ. ಆದರೆ ಇದರಿಂದ ಪ್ರತಿ ಧರ್ಮಕೇಂದ್ರವೂ ಚುನಾವಣೆಯ ಕಣವಾಯಿತು. ಬುಧವಾರದ ನೊವೆನಾಕ್ಕೆ ಇಂದು ಎಲ್ಲ ಧರ್ಮದ ಜನರೂ ಸೇರುವ ಮಾಹಿಮ್ ದೇವಾಲಯದಲ್ಲೇ 1853ರಲ್ಲಿ ಇದು ಕೈಮೀರಿತು. ಅಲ್ಲಿಯ ಹೆಚ್ಚಿನವರು ಗೋವಾದ ಕಡೆಗೆ ಸೇರಲು ನಿರ್ಧರಿಸಿದರು. ರೋಮಿನ ಪ್ರತಿನಿಧಿಯಾಗಿದ್ದ ಸ್ವಿಟ್ಜರ್ಲೆಂಡಿನ ಕಪುಚಿನ್ ಧರ್ಮಾಧ್ಯಕ್ಷ ಅನಸ್ತಾಸಿಯುಸ್ ಹಾರ್ಟ್‌ಮನ್ ದೇವಾಲಯ ಬಿಟ್ಟುಕೊಡಲು ಒಪ್ಪದೆ, ಕೆಲವರೊಂದಿಗೆ ಒಳಗೇ ಉಳಿದು ಬಾಗಿಲು ಹಾಕಿಕೊಂಡರು. ಹೊರಗೆ ಅವರದೇ ಧರ್ಮಕೇಂದ್ರದ ಜನ ಕಾವಲು ಕುಳಿತರು. ಎರಡು ವಾರಗಳಷ್ಟು ಕಾಲ ಈ ಮುತ್ತಿಗೆ ನಡೆಯಿತು. ಕಡೆಗೆ ಸರ್ಕಾರ ಬಾಗಿಲು ತೆರೆಸಿ, ದೇವಾಲಯವನ್ನು ಹೆಚ್ಚು ಜನರಿದ್ದ ಕಡೆಗೆ ಒಪ್ಪಿಸಿತು.

ಹಾರ್ಟ್‌ಮನ್ ಕೆಟ್ಟ ಮನುಷ್ಯರಲ್ಲ. ಪವಿತ್ರ ಜೀವನ ನಡೆಸಿದವರೆಂದು ಹೆಸರಾದವರು. ಹೊರಗಿದ್ದ ಜನರೂ ನಾಸ್ತಿಕರಲ್ಲ, ತಮ್ಮ ಹಿರಿಯರು ಕಟ್ಟಿದ ದೇವಾಲಯದ ಮೇಲಿನ ಪ್ರೀತಿಯಿಂದಲೇ ಬಂದವರು. ಒಳ್ಳೆಯವರನ್ನೇ ಬಾಗಿಲಿನ ಆಚೆ ಈಚೆ ನಿಲ್ಲಿಸುವುದು ಇಂಥ ಜಗಳದ ಗುಣ.

ಲಿಸ್ಬನ್ನಿಗೆ ಹೋಗುತ್ತಿದ್ದ ಮೂರು ಹೆಸರು

1886ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ಪೋರ್ಚುಗಲ್ಲಿನೊಂದಿಗೆ ಒಪ್ಪಂದ ಮಾಡಿಕೊಂಡು, ಭಾರತದಲ್ಲಿ ಧರ್ಮಪ್ರಾಂತ್ಯಗಳ ವ್ಯವಸ್ಥೆಯನ್ನು ಸ್ಥಾಪಿಸಿದರು. ಮಂಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದೂ ಆಗಲೇ. ಆದರೆ ನಮ್ಮಲ್ಲಿ ಹಲವರಿಗೆ ತಿಳಿಯದ ಒಂದು ಸಂಗತಿ ಆ ಒಪ್ಪಂದದಲ್ಲಿದೆ. ಮುಂಬಯಿ, ಮಂಗಳೂರು, ಕೊಲ್ಲಂ, ತಿರುಚಿನಾಪಳ್ಳಿ ಈ ನಾಲ್ಕು ಕಡೆ ಧರ್ಮಾಧ್ಯಕ್ಷರ ಸ್ಥಾನ ತೆರವಾದಾಗ, ಮೂರು ಹೆಸರುಗಳ ಪಟ್ಟಿ ಲಿಸ್ಬನ್ನಿಗೆ ಹೋಗಬೇಕು, ಅದರಲ್ಲಿ ಒಂದನ್ನು ಪೋರ್ಚುಗಲ್ಲಿನ ರಾಜನು ಆರಿಸಿ ಪೋಪರಿಗೆ ಸೂಚಿಸಬೇಕು! ಮಂಗಳೂರು ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಧರ್ಮಾಧ್ಯಕ್ಷರು ರೋಮಿನವರು. ಹೆಸರು ಆರಿಸುವವನು ಮಾತ್ರ ಪೋರ್ಚುಗಲ್ಲಿನವನು. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾಗಿ, ಮರುವರ್ಷವೇ ಧರ್ಮಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲವೆಂದು ಕಾನೂನು ಮಾಡಿತು. ಆಮೇಲೂ ಈ ಹಕ್ಕು ಅಳಿಯಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರ ಹಳೆಯ ಸಂಶಯ ಮತ್ತೆ ತಲೆಯೆತ್ತಿತು. ಮುಂಬಯಿಯಲ್ಲಿ ಸೇವೆ ಮಾಡುತ್ತಿದ್ದ ಜರ್ಮನ್ ಯೇಸುಸಭೆಯ ಗುರುಗಳನ್ನು ಸರ್ಕಾರ ಬಂಧನದಲ್ಲಿಟ್ಟು, ಅನಂತರ ದೇಶದಿಂದ ಹೊರಗೆ ಕಳುಹಿಸಿತು. 1916ರಲ್ಲಿ ಮಹಾಧರ್ಮಾಧ್ಯಕ್ಷ ಯೂರ್ಗೆನ್ಸ್ ನಿಧನರಾದ ಮೇಲೆ ಮೂರು ವರ್ಷ ಆ ಸ್ಥಾನ ಖಾಲಿಯೇ ಉಳಿಯಿತು. 1919ರಲ್ಲಿ ಆಂಗ್ಲ ಗುರು ಆಲ್ಬನ್ ಗುಡಿಯರ್ ಬಂದರು. ಎರಡು ಅಧಿಕಾರಗಳ ಎಳೆದಾಟದ ನಡುವೆ ಅವರೂ 1926ರಲ್ಲಿ ರಾಜೀನಾಮೆ ಕೊಟ್ಟರು.

1928ರಲ್ಲಿ ಹೊಸ ಒಪ್ಪಂದವಾಯಿತು. ಒಂದೇ ಪಟ್ಟಣದಲ್ಲಿ ಎರಡು ಅಧಿಕಾರ ಎಂಬುದು ಆಗ ಕೊನೆಗೊಂಡಿತು. ಆದರೆ ಅದಕ್ಕೆ ಕೊಟ್ಟ ಬೆಲೆ ನೋಡಿ: ಮುಂಬಯಿಯ ಮಹಾಧರ್ಮಾಧ್ಯಕ್ಷರು ಒಮ್ಮೆ ಪೋರ್ಚುಗೀಸರು, ಒಮ್ಮೆ ಬ್ರಿಟಿಷರು, ಹೀಗೆ ಸರದಿಯಲ್ಲಿ ಬರಬೇಕು. ಭಾರತೀಯನಿಗೆ ಸರದಿಯೇ ಇಲ್ಲ!

ಕುರ್ಚಿ ಬಿಟ್ಟುಕೊಟ್ಟ ಕುರಿಗಾಹಿ

ಮೊದಲ ಸರದಿ ಪೋರ್ಚುಗೀಸರಾದ ಜೊಅಕಿಂ ಲಿಮಾ ಅವರದು. ಅವರ ನಂತರ 1937ರಲ್ಲಿ ಬ್ರಿಟಿಷರ ಸರದಿ. ಲಿವರ್‌ಪೂಲಿನ ಧರ್ಮಕೇಂದ್ರದ ಗುರುಗಳಾಗಿದ್ದ ಯೇಸುಸಭೆಯ ತೋಮಸ್ ರಾಬರ್ಟ್ಸ್ ಮಹಾಧರ್ಮಾಧ್ಯಕ್ಷರಾಗಿ ಬಂದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ನಾಡಿಗೆ ಇಂಗ್ಲೆಂಡಿನ ಕುರಿಗಾಹಿ ಇನ್ನು ತಕ್ಕವನಲ್ಲ ಎಂದು ಅವರಿಗೆ ಅನಿಸಿತು. ಆದರೆ ಅವರು ಎದ್ದು ಹೋದರೆ ಸಾಕಿತ್ತೇ? ಒಪ್ಪಂದದಂತೆ ಮುಂದಿನ ಸರದಿ ಪೋರ್ಚುಗೀಸನದು. ಆದ್ದರಿಂದ ಅವರು ಜಾಣತನದಿಂದಲೂ ತ್ಯಾಗದಿಂದಲೂ ನಡೆದರು. 1946ರಲ್ಲಿ ವಲೇರಿಯನ್ ಗ್ರೇಶಿಯಸರು ಸಹಾಯಕ ಧರ್ಮಾಧ್ಯಕ್ಷರಾದರು. ಇವರು ಕರಾಚಿಯಲ್ಲಿ ಹುಟ್ಟಿದ ಗೋವಾ ಮೂಲದವರು, ನಮ್ಮ ಮಂಗಳೂರಿನ ಸಂತ ಜೋಸೆಫರ ಗುರುಮಠದಲ್ಲಿ ಓದಿದವರು. ಅವರ ಕೈಗೆ ಆಡಳಿತ ಬಿಟ್ಟು ರಾಬರ್ಟ್ಸರು ಮುಂಬಯಿಯಿಂದ ದೂರ ಉಳಿದರು. ಹೆಸರು ಮಾತ್ರ ಅವರದು, ಕೆಲಸವೆಲ್ಲ ಗ್ರೇಶಿಯಸರದು.

1950ರ ಜುಲೈ ತಿಂಗಳಲ್ಲಿ ಪೋರ್ಚುಗಲ್ ಭಾರತದ ಈ ಧರ್ಮಪ್ರಾಂತ್ಯಗಳ ಮೇಲಿದ್ದ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಮಂಗಳೂರಿನ ಹೆಸರುಗಳೂ ಅಲ್ಲಿಂದ ಮುಂದೆ ಲಿಸ್ಬನ್ನಿಗೆ ಹೋಗಬೇಕಾಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ರಾಬರ್ಟ್ಸರು ರಾಜೀನಾಮೆ ಕೊಟ್ಟರು, ಗ್ರೇಶಿಯಸರು ಮುಂಬಯಿಯ ಮೊದಲ ಭಾರತೀಯ ಮಹಾಧರ್ಮಾಧ್ಯಕ್ಷರಾದರು. 1953ರಲ್ಲಿ ಅವರೇ ಭಾರತದ ಮೊದಲ ಕಾರ್ಡಿನಲ್ ಆದರು. ಗವರ್ನರನ ಆಜ್ಞೆ, ರಾಜರ ಒಪ್ಪಂದ, ಜನರ ಮುತ್ತಿಗೆ ಇವೆಲ್ಲ ಎರಡು ಶತಮಾನಗಳಲ್ಲಿ ಬಿಡಿಸಲಾಗದ ಗಂಟು ಸಡಿಲವಾದದ್ದು, ಒಬ್ಬರು ‘ಈ ಸ್ಥಾನ ನನ್ನದಲ್ಲ’ ಎಂದು ಹಿಂದೆ ಸರಿಯಲು ಸಿದ್ಧರಾದಾಗ.

ಮುಂದೆ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿತು. ಧರ್ಮಾಧ್ಯಕ್ಷರ ನೇಮಕ ಧರ್ಮಸಭೆಗೆ ಸೇರಿದ ಕಾರ್ಯ, ಇನ್ನು ಮುಂದೆ ಸರ್ಕಾರಗಳಿಗೆ ಅಂಥ ಹಕ್ಕನ್ನು ಕೊಡಲಾಗದು ಎಂಬುದು ಅದರ ತಾತ್ಪರ್ಯ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 377ನೆಯ ವಿಧಿಯಲ್ಲೂ ಇದು ಸೇರಿದೆ. ಆದರೂ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಚೀನಾದಲ್ಲಿ ಧರ್ಮಾಧ್ಯಕ್ಷರ ನೇಮಕದ ವಿಷಯವಾಗಿ ರೋಮ್ ಅಲ್ಲಿಯ ಸರ್ಕಾರದೊಂದಿಗೆ 2018ರಲ್ಲಿ ತಾತ್ಕಾಲಿಕ ಒಪ್ಪಂದ ಮಾಡಿಕೊಂಡು, 2024ರಲ್ಲಿ ಅದನ್ನು ಮತ್ತೆ ಮುಂದುವರಿಸಿದೆ. ಅಲ್ಲಿಯ ನಮ್ಮ ಸಹೋದರ ಸಹೋದರಿಯರಿಗಾಗಿ ಪ್ರಾರ್ಥಿಸುವಾಗ ಬೊಂಬಾಯಿಯ ಈ ಕಥೆಯನ್ನು ನೆನೆಯುವುದು ಒಳ್ಳೆಯದು.

ನಮ್ಮ ಮನೆಯ ಮಾತು

ಪ್ರಿಯರೇ, ಇದನ್ನೆಲ್ಲ ಓದಿ ‘ಅಂದಿನ ರಾಜರು ಹಾಗಿದ್ದರು’ ಎಂದು ಪುಟ ಮಗುಚಿದರೆ ಸಾಲದು. ನಮ್ಮ ಧರ್ಮಕೇಂದ್ರಕ್ಕೆ ಹೊಸ ಗುರುಗಳು ಬರುತ್ತಾರೆಂಬ ಸುದ್ದಿ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ‘ಅವರು ಯಾವ ಊರಿನವರು? ಮನೆಮಾತು ಯಾವುದು? ನಮ್ಮವರೇ?’ ಎಂದಲ್ಲವೇ? ಗವರ್ನರ್ ಬೂನ್ ಕೇಳಿದ್ದೂ ಅದನ್ನೇ, ಲಿಸ್ಬನ್ನಿನ ರಾಜ ಕೇಳಿದ್ದೂ ಅದನ್ನೇ.

ನಮ್ಮ ಭಾಷೆಯಲ್ಲಿ ಪೂಜೆ ಬೇಕು, ನಮ್ಮ ಕಷ್ಟಸುಖ ತಿಳಿದ ಗುರು ಬೇಕು ಎಂದು ಆಶಿಸುವುದು ತಪ್ಪಲ್ಲ. ಮುಂಬಯಿಯ ಜನರಿಗೂ ತಮ್ಮ ನಾಡಿನ ಕುರಿಗಾಹಿ ಬೇಕಾಗಿತ್ತು, ರಾಬರ್ಟ್ಸರು ಅದನ್ನು ಗೌರವಿಸಿದರು. ಆದರೆ ಆ ಆಶೆ ಹಟವಾದಾಗ, ದೇವಾಲಯದ ಅಂಗಳದಲ್ಲಿ ಎರಡು ಗುಂಪಾದಾಗ, ಒಂದು ಗುಂಪು ಇನ್ನೊಂದರ ಮನೆಯ ಸಾವಿಗೂ ಹೋಗದಾದಾಗ, ಸಹಿಗಳ ಅರ್ಜಿಗಳು ಪೊಲೀಸ್ ಠಾಣೆಯ ಮೆಟ್ಟಿಲೇರಿದಾಗ ಮಾಹಿಮ್‌ನ ಮುಚ್ಚಿದ ಬಾಗಿಲು ನಮ್ಮ ಊರಿಗೂ ಬಂದಿದೆ ಎಂದೇ ಅರ್ಥ. ಆಗ ನಷ್ಟವಾಗುವುದು ಗುರುವಿಗಲ್ಲ, ಧರ್ಮೋಪದೇಶದ ತರಗತಿಗೆ ಬರುವ ನಮ್ಮ ಮಕ್ಕಳಿಗೆ.

ಒಳ್ಳೆಯ ಕುರಿಗಾಹಿಯ ಗುರುತನ್ನು ಯೇಸುಸ್ವಾಮಿ ನಮಗೆ ತಿಳಿಸಿದ್ದಾರೆ. ಅದರಲ್ಲಿ ಊರಿನ ಹೆಸರಿಲ್ಲ, ರಾಜಮುದ್ರೆಯಿಲ್ಲ. ಅವನು ಕುರಿಗಳನ್ನು ಬಲ್ಲವನೇ, ತೋಳ ಬಂದಾಗ ನಿಲ್ಲುವವನೇ ಎಂಬುದಷ್ಟೇ ಇದೆ. ಮುಂದಿನ ಸಲ ಹೊಸ ಗುರುಗಳ ಸುದ್ದಿ ಬಂದಾಗ ಮನೆಯಲ್ಲಿ ಹಿರಿಯರು ಮಕ್ಕಳ ಮುಂದೆ ಆಡುವ ಮೊದಲ ಮಾತು ಸ್ವಾಗತದ ಮಾತಾಗಲಿ. ದೈವಕರೆಗಾಗಿ ಪ್ರಾರ್ಥಿಸುವ ಈ ಭಾನುವಾರದಂದು ನಮ್ಮ ಧರ್ಮಾಧ್ಯಕ್ಷರಿಗಾಗಿ, ನಮ್ಮ ಗುರುಗಳಿಗಾಗಿ, ಮುಂದೆ ಗುರುಗಳಾಗಲಿರುವ ನಮ್ಮ ಮನೆಗಳ ಗಂಡುಮಕ್ಕಳಿಗಾಗಿ ಸಂತ ಜೋಸೆಫ್ ವಾಜರ ಮಧ್ಯಸ್ಥಿಕೆಯನ್ನು ಬೇಡೋಣ. ಎರಡು ಕಡೆಯವರ ನಡುವೆ ನಡೆದು ಹೋದ ಆ ಬರಿಗಾಲಿನ ಗುರುವಿನ ಸಮಾಧಾನ ನಮ್ಮ ಧರ್ಮಕೇಂದ್ರಗಳಲ್ಲೂ ನೆಲೆಸಲಿ.